ಕಳ್ಳಿಯ ಮೇಲೆ ಕೂತ ಹದ್ದು

ನಮ್ಮ ಮೇಷ್ಟ್ರು ಒಂದು ಸಲವೂ ಮೆಕ್ಸಿಕೋಗೆ ಹೋದವರಲ್ಲ. ಆದರೂ ಅಲ್ಲಿಯ ಒಂದು ಹಳೆಯ ಪಟ್ಟಣದ ಮಾತು ಬಂದರೆ "ನಮ್ಮೂರಲ್ಲಿ" ಅಂತಲೇ ಶುರು ಮಾಡುತ್ತಿದ್ದರು. "ನಮ್ಮೂರಲ್ಲಿ ತರಕಾರಿ ದೋಣೀಲಿ ಬರೋದು ಕಣಮ್ಮ. ಗಾಡಿ ಅನ್ನೋದೇ ಇಲ್ಲ." ಹೊಸಬರು ಕೇಳಿಸಿಕೊಂಡರೆ ಇವರು ಕಾವೇರಿ ದಂಡೆಯ ಯಾವುದೋ ಊರಿನವರು ಅಂದುಕೊಳ್ಳುತ್ತಿದ್ದರು. ಸ್ವಲ್ಪ ಹೊತ್ತಿಗೆ ಮಾತಿನಲ್ಲಿ ಪಿರಮಿಡ್ ಬರುತ್ತಿತ್ತು. ಆಗ ಅವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು.

ಆ ಊರಿನ ಹೆಸರು ತೆನೋಚ್‌ತಿಟ್ಲಾನ್. ಅಜ್ಟೆಕ್ ಜನ ಕಟ್ಟಿದ ರಾಜಧಾನಿ. ದೊಡ್ಡದೊಂದು ಕೆರೆ, ಅದರ ನಡುವೆ ನಡುಗಡ್ಡೆ, ನಡುಗಡ್ಡೆಯ ಮೇಲೆ ಊರು. ಈಗ ಅದರ ಮೇಲೆಯೇ ಮೆಕ್ಸಿಕೋ ಸಿಟಿ ಕೂತಿದೆಯಂತೆ. ಇಷ್ಟನ್ನು ನಾನು ಕಲಿತದ್ದು ಮೇಷ್ಟ್ರಿಂದ. ಈ ಹೆಸರನ್ನು ತಡವರಿಸದೆ ಹೇಳುವುದಕ್ಕೆ ನನಗೆ ಒಂದು ಚಳಿಗಾಲ ಪೂರ್ತಿ ಬೇಕಾಯಿತು. ಅವರು ಸುಲಭ ಮಾಡಿಕೊಟ್ಟರು. "ಕೊನೇಲಿ ತಿಟ್ಟು ಇದೆ ನೋಡಿ. ನೀರಿನ ನಡುವೆ ಎತ್ತರದ ಜಾಗಕ್ಕೆ ನಾವು ಏನಂತೀವಿ? ತಿಟ್ಟು ಅಂತೀವಿ. ನಮ್ಮ ಮಾತೇ ಅದು."

ಅಡುಗೆಮನೆಯಿಂದ ಅವರ ಹೆಂಡತಿ ಅನ್ನುತ್ತಿದ್ದರು: "ಸುಮ್ನಿರ್ರೀ. ಇನ್ನು ಸ್ವಲ್ಪ ಹೊತ್ತು ಬಿಟ್ರೆ ಅವರೆಲ್ಲ ಮಂಡ್ಯದೋರು ಅಂತೀರ."

"ಯಾಕಾಗಬಾರದು?" ಅನ್ನುತ್ತಿದ್ದರು ಮೇಷ್ಟ್ರು, ಕನ್ನಡಕವನ್ನು ಹಣೆಗೆ ಏರಿಸಿ. ಆ ಊರನ್ನು ನೋಡುವುದಕ್ಕೆ ಕನ್ನಡಕ ಬೇಡ ಎನ್ನುವ ಹಾಗೆ, ಅದರ ಮಾತು ಬಂದಾಗಲೆಲ್ಲ ಕನ್ನಡಕ ಹಣೆಗೆ ಹೋಗುತ್ತಿತ್ತು.

ಮೇಷ್ಟ್ರು ಅನ್ನುವುದು ನಾವು ಇಟ್ಟ ಹೆಸರು. ಕೆಲಸದಲ್ಲಿ ಅವರು ಮೇಷ್ಟ್ರಲ್ಲ. ಮೈಸೂರಿನಲ್ಲಿದ್ದಾಗ ನೀರಾವರಿ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದರು. ಇಲ್ಲಿ ವರ್ಜೀನಿಯಾದ ಸ್ಟರ್ಲಿಂಗ್‌ನಲ್ಲಿ, ಹೊಸ ಬಡಾವಣೆಗಳ ಮಳೆನೀರು ಎಲ್ಲಿಗೆ ಹರಿಯಬೇಕು ಎಂದು ನಕ್ಷೆ ಬರೆಯುವ ಕಂಪನಿಯಲ್ಲಿದ್ದರು. ಆಗ ತೊಂಬತ್ತರ ದಶಕ. ನಮ್ಮ ಸುತ್ತ ದಿನಕ್ಕೊಂದು ರಸ್ತೆ, ದಿನಕ್ಕೊಂದು ಮನೆಸಾಲು ಏಳುತ್ತಿತ್ತು. ನನ್ನ ಗಂಡ, ನಮ್ಮೋರು, ಏರ್‌ಪೋರ್ಟ್ ಹತ್ತಿರದ ಸಾಫ್ಟ್‌ವೇರ್ ಆಫೀಸಿಗೆ ಹೋದರೆ ಸಂಜೆಯೇ ಬರುವುದು. ನನಗೆ ಡ್ರೈವಿಂಗ್ ಬರುತ್ತಿರಲಿಲ್ಲ. ಮಗಳು ಸನಾ ಸ್ಕೂಲಿಗೆ ಹೋದ ಮೇಲೆ ಮನೆಯಲ್ಲಿ ನಾನು ಮತ್ತು ತಲೆಯ ಮೇಲೆ ಹಾದುಹೋಗುವ ವಿಮಾನಗಳು, ಅಷ್ಟೇ. ಕೆಳಗಿನ ಮನೆಯಲ್ಲಿ ಮೇಷ್ಟ್ರು ಮತ್ತು ಅವರ ಹೆಂಡತಿ ಇದ್ದರು. ಅವರಿಗೆ ಮಕ್ಕಳಿರಲಿಲ್ಲ. ಅವರ ಹೆಂಡತಿಯನ್ನು ನಾನು ಅಕ್ಕ ಅನ್ನುತ್ತಿದ್ದೆ.

ಭಾನುವಾರ ಬೆಳಗ್ಗೆ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಮೇಷ್ಟ್ರು ಮಕ್ಕಳಿಗೆ ಕನ್ನಡ ಹೇಳಿಕೊಡುತ್ತಿದ್ದರು. ಸನಾಳನ್ನು ಸೇರಿಸಲು ಹೋದ ದಿನ ನಾನು ಮುಂಚೆಯೇ ಹೇಳಿದೆ: "ಮೇಷ್ಟ್ರೇ, ನಮ್ಮ ಮನೆ ಮಾತು ಉರ್ದು. ಕನ್ನಡ ನಂಗೆ ಬಂದಿದ್ದು ಸ್ಕೂಲಲ್ಲಿ, ಅದೂ ಎಸ್ಸೆಸ್ಸೆಲ್ಸಿವರೆಗೆ ಅಷ್ಟೇ. ಮನೇಲಿ ಅವಳಿಗೆ ಹೇಳಿಕೊಡೋಕೆ ನಂಗೆ ಆಗತ್ತೋ ಇಲ್ವೋ."

"ಎಸ್ಸೆಸ್ಸೆಲ್ಸಿ ಕನ್ನಡ ಮೀಡಿಯಮ್ಮಾ?"

"ಹೌದು."

"ಹಾಗಾದ್ರೆ ಕಾಗುಣಿತ ನೀವೇ ತಗೊಳ್ಳಿ. ನಂದು ಒತ್ತಕ್ಷರ ಸ್ವಲ್ಪ ವೀಕು."

ತಮಾಷೆ ಅಂದುಕೊಂಡೆ. ಮುಂದಿನ ಭಾನುವಾರ ಚಾಕ್‌ಪೀಸ್ ನನ್ನ ಕೈಗೆ ಕೊಟ್ಟು, ತಾವು ಮಕ್ಕಳ ಜೊತೆ ನೆಲದ ಮೇಲೆ ಕೂತುಬಿಟ್ಟರು.

ಮಕ್ಕಳಿಗೆ ಕನ್ನಡ ಅರ್ಥವಾಗುತ್ತಿತ್ತು, ಬಾಯಿಂದ ಮಾತ್ರ ಹೊರಡುತ್ತಿರಲಿಲ್ಲ. "ಊಟ ಆಯ್ತಾ?" ಅಂದರೆ "ಯಾ" ಅನ್ನುವುದು, "ಏನು ಊಟ?" ಅಂದರೆ "ಪಾಸ್ತಾ" ಅನ್ನುವುದು. ಎರಡು ವರ್ಷ ಹೀಗೇ ನಡೆದ ಮೇಲೆ ಕನ್ನಡ ಕೂಟದ ಅಧ್ಯಕ್ಷರು ಒಂದು ಭಾನುವಾರ ಬಂದು ಹಿಂದಿನ ಸಾಲಿನಲ್ಲಿ ಕೂತರು. ಕ್ಲಾಸ್ ಮುಗಿದ ಮೇಲೆ ಮೇಷ್ಟ್ರನ್ನು ಬದಿಗೆ ಕರೆದರು. ಅವರದು ಒಳ್ಳೆಯ ಮನಸ್ಸೇ. ಅವರ ಮಗ ರೋಹನ್ ಸಹ ಅದೇ ಕ್ಲಾಸಿನಲ್ಲಿದ್ದ, ಎರಡು ವರ್ಷದಲ್ಲಿ ಒಂದು ಮಾತೂ ಆಡಿರಲಿಲ್ಲ.

"ಮೇಷ್ಟ್ರೇ, ಪೇರೆಂಟ್ಸು ಕೇಳ್ತಿದಾರೆ. ಭಾನುವಾರ ಈ ರೂಮು ನಮಗೆ ಸಿಗೋದೇ ಕಷ್ಟ. ಡಾನ್ಸ್ ಕ್ಲಾಸಿನವರು ಕಾಯ್ತಾ ಇದಾರೆ. ರಾಜ್ಯೋತ್ಸವದ ದಿನ ಮಕ್ಕಳು ಸ್ಟೇಜ್ ಮೇಲೆ ಸ್ವಲ್ಪ ಹೊತ್ತು ಕನ್ನಡ ಮಾತಾಡಿ ತೋರಿಸಲಿ. ಆಗ್ಲಿಲ್ಲ ಅಂದ್ರೆ ಕ್ಲಾಸು ಇಲ್ಲಿಗೇ ನಿಲ್ಲಿಸೋಣ. ತಪ್ಪು ತಿಳ್ಕೋಬೇಡಿ."

"ತಪ್ಪೇನು ಬಂತು? ನ್ಯಾಯವಾಗೇ ಕೇಳ್ತಿದೀರ" ಅಂದರು ಮೇಷ್ಟ್ರು. ಆ ದಿನ ಮನೆಗೆ ವಾಪಸು ನಡೆಯುವಾಗ ಅವರು ಆ ಊರಿನ ಸುದ್ದಿ ಎತ್ತಲಿಲ್ಲ. ಅದರಿಂದಲೇ ನನಗೆ ಗೊತ್ತಾಯಿತು, ಕ್ಲಾಸು ಹೋದರೆ ಈ ಮನುಷ್ಯ ಒಳಗೇ ಒಣಗಿಹೋಗುತ್ತಾರೆ ಅಂತ. ನನ್ನ ಮಟ್ಟಿಗೂ ಆ ಚಾಕ್‌ಪೀಸಿಗಿಂತ ದೊಡ್ಡದು ಆಗ ಇನ್ನೇನಿತ್ತು?

ಆ ಊರು ಮೇಷ್ಟ್ರ ಮನೆಗೆ ಬಂದದ್ದು ಒಂದು ನಕ್ಷೆಯಾಗಿ. ಲೈಬ್ರರಿಯವರು ಹಳೆಯ ಪುಸ್ತಕಗಳನ್ನು ಹೊರಗಿಟ್ಟಿದ್ದಾಗ ಸಿಕ್ಕಿತಂತೆ. ಅವರ ಊಟದ ಮೇಜಿನ ಎದುರಿಗೆ, ಬೇರೆಯವರ ಮನೆಯಲ್ಲಿ ದೇವರ ಪಟವೋ ಮದುವೆಯ ಫೋಟೋವೋ ಇರುವ ಕಡೆ, ಅದು ತೂಗುತ್ತಿತ್ತು. ನೀಲಿ ಕೆರೆ, ನಡುವೆ ಚೌಕ ಚೌಕವಾಗಿ ಊರು, ದಡದಿಂದ ಊರಿಗೆ ನೆಟ್ಟಗೆ ಬರುವ ದಾರಿಗಳು. "ಇದು ರಸ್ತೆ ಅಲ್ಲ ಕಣಮ್ಮ, ಏರಿ" ಅಂದರು ಒಂದು ದಿನ. "ಕೆರೆ ಏರಿ. ನಡುನಡುವೆ ಮರದ ಸೇತುವೆ. ಶತ್ರು ಬಂದ್ರೆ ಹಲಗೆ ಎತ್ತಿಬಿಟ್ರೆ ಆಯ್ತು. ಈ ಕಡೆ ಉದ್ದ ಗೋಡೆ ನೋಡಿ, ಉಪ್ಪುನೀರು ಆ ಕಡೆ, ಸಿಹಿನೀರು ಈ ಕಡೆ. ತೂಬು ಇಟ್ಟಿದಾರೆ. ಕುಡಿಯೋ ನೀರು ಗುಡ್ಡದಿಂದ ಕಾಲುವೇಲಿ ಬರತ್ತೆ." ಹಾಗೆ ಹೇಳಿದಾಗ ಅದು ಪುಸ್ತಕದ ಊರು ಅನ್ನಿಸುತ್ತಿರಲಿಲ್ಲ. ಏರಿ, ತೂಬು, ಕಾಲುವೆ ಇರುವ ಊರು ಎಷ್ಟು ದೂರ ಇರಲು ಸಾಧ್ಯ?

ತೇಲುವ ತೋಟ ಎಂದು ಯಾರಾದರೂ ಅಂದರೆ ಅವರಿಗೆ ಸಿಟ್ಟು. "ತೇಲಲ್ಲ. ಗೂಟ ನೆಟ್ಟು, ಕೆರೆ ಕೆಸರು ಎತ್ತಿ ಹಾಕಿ ಪಾತಿ ಮಾಡ್ತಾರೆ. ಕಷ್ಟಪಟ್ಟು ಮಾಡಿದ್ದನ್ನ ತೇಲತ್ತೆ ಅಂದ್ರೆ ಅವರಿಗೆ ಬೇಜಾರಾಗಲ್ವಾ?" ಆ ಪಾತಿಗಳಲ್ಲಿ ಮುಸುಕಿನ ಜೋಳ, ಟೊಮೇಟೊ, ಮೆಣಸಿನಕಾಯಿ ಬೆಳೆಯುತ್ತಿದ್ದರಂತೆ. ಅಕ್ಕ ಸಾರು ಬಡಿಸುವಾಗ ಗಂಡನಿಗೆ ಅನ್ನುತ್ತಿದ್ದರು: "ನಿಮ್ಮೂರಿನ ಮೆಣಸಿನಕಾಯೇ ಹಾಕಿದೀನಿ. ಖಾರ ಅಂತ ಅಂದ್ರೆ ನಿಮ್ಮೂರಿಗೇ ಅವಮಾನ."

ಸ್ಟರ್ಲಿಂಗ್‌ನ ಬಡಾವಣೆಗಳ ಹಿಂದೆ ಮಳೆನೀರು ನಿಲ್ಲಲು ಹೊಂಡ ತೋಡಿರುತ್ತಾರೆ. ಎಷ್ಟೋ ಹೊಂಡಗಳ ನಕ್ಷೆ ಮೇಷ್ಟ್ರದೇ. ಆದರೂ ಅವಕ್ಕೆ ಅವರು ಬಚ್ಚಲು ಅನ್ನುತ್ತಿದ್ದರು. ಒಂದು ಸಲ ನಮ್ಮೋರನ್ನೂ ನನ್ನನ್ನೂ ಕರೆದುಕೊಂಡು ಹೋಗಿ ಅಂಥ ಒಂದು ಹೊಂಡದ ದಡದಲ್ಲಿ ನಿಂತು, ಇಲ್ಲಿ ಏರಿ ಬಂದರೆ ಹೇಗೆ, ಅಲ್ಲಿ ದೇವಸ್ಥಾನ ಬಂದರೆ ಹೇಗೆ ಎಂದು ಕೈ ಚಾಚಿ ತೋರಿಸುತ್ತಿದ್ದರು. ಹಿಂದಿನ ಮನೆಯಿಂದ ದಪ್ಪನೆಯ ಅಮೆರಿಕನ್ ಒಬ್ಬ ಬಂದ. ಏನು ಬೇಕಿತ್ತು ಅಂದ. ಅವನ ಮುಖದಲ್ಲಿ ಅನುಮಾನ ಇತ್ತು, ನಮ್ಮೋರು ಕಾರಿನ ಕೀ ಹುಡುಕತೊಡಗಿದರು. ಮೇಷ್ಟ್ರು ಕನ್ನಡಕ ಹಣೆಗೇರಿಸಿ, ಅವನಿಗೂ ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದರು. ಅವನು ಕೇಳಿದ, ಒಳಗೆ ಹೋದ. ಪೊಲೀಸರಿಗೆ ಫೋನ್ ಮಾಡುತ್ತಾನೆ ಅಂದುಕೊಂಡೆವು. ಮಡಚುವ ಕುರ್ಚಿ ತಗೊಂಡು ವಾಪಸು ಬಂದು, ಕೂತು, ಆ ಸೇತುವೆಯ ವಿಷಯ ಇನ್ನೊಂದು ಸಲ ಹೇಳಿ ಅಂದ.

ಅಧ್ಯಕ್ಷರು ಹಾಗೆ ಹೇಳಿದ ವರ್ಷವೇ ದೊಡ್ಡ ಮಕ್ಕಳಿಗೆ ಸ್ಕೂಲಿನಲ್ಲಿ ಅಜ್ಟೆಕ್ ಜನರ ಪಾಠ ಬಂತು. ಒಬ್ಬ ಹುಡುಗಿ ಶೂ ಡಬ್ಬದಲ್ಲಿ ಮಾಡಿದ ಪುಟ್ಟ ಊರನ್ನು ನಮ್ಮ ಕ್ಲಾಸಿಗೆ ಹಿಡಿದುಕೊಂಡು ಬಂದಳು. ಮೇಷ್ಟ್ರು ಡಬ್ಬದೊಳಗೆ ಇಣುಕಿ ನೋಡಿದರು. ಕನ್ನಡಕ ಮೇಲೆ ಹೋಯಿತು. ಅ ಆ ಇ ಈ ಬರೆದದ್ದನ್ನು ಒರೆಸಿದರು. "ಇವತ್ತಿಂದ ಈ ಊರಲ್ಲಿ ಕ್ಲಾಸು" ಅಂದರು.

ಕುರ್ಚಿಗಳನ್ನು ಎರಡು ಸಾಲಾಗಿ ಜೋಡಿಸಿ ಏರಿ ಮಾಡಿದರು. ನಡುವೆ ಸಂದು ಬಿಟ್ಟು, ಅದು ಸೇತುವೆ ಅಂದರು. ಮೇಜು ನಡುಗಡ್ಡೆ. ನೆಲವೆಲ್ಲ ಕೆರೆ. ಊರೊಳಗೆ ಕನ್ನಡ ಮಾತ್ರ, ಇಂಗ್ಲಿಷ್ ಮಾತಾಡಿದವರು ನೀರಿಗೆ ಬೀಳಬೇಕು. ಇದು ಕೆಟ್ಟಿತು. ಮಕ್ಕಳಿಗೆ ನೀರಿಗೆ ಬೀಳುವುದೇ ಖುಷಿ. ಕುರ್ಚಿ ಹತ್ತುವುದು, ಬೇಕೆಂದೇ ಇಂಗ್ಲಿಷಿನಲ್ಲಿ ಏನೋ ಕೂಗುವುದು, ಧೊಪ್ಪನೆ ಕಾರ್ಪೆಟ್ ಮೇಲೆ ಬಿದ್ದು ಮುಳುಗುವುದು. ಕ್ಲಾಸು ಪೂರ್ತಿ ಮುಳುಗಿಹೋಯಿತು. ಮೇಷ್ಟ್ರು ಮುಂದಿನ ವಾರ ಕಾನೂನು ಬದಲಾಯಿಸಿದರು: ಮುಳುಗಿದವರನ್ನು ಮೇಲಿದ್ದವರು ಕನ್ನಡದಲ್ಲಿ ಕರೆದರೆ ಮಾತ್ರ ಮೇಲೆ ಬರಬಹುದು. ಆಗ ಮೊದಲ ಸಲ ಆ ರೂಮಿನಲ್ಲಿ ಮಕ್ಕಳ ಬಾಯಲ್ಲಿ "ಬಾ", "ಕೈ ಕೊಡು", "ಬೇಗ", "ಅಯ್ಯೋ" ಕೇಳಿದೆ. ರೋಹನ್ ಮಾತ್ರ ಏರಿಯ ತುದಿಯಲ್ಲಿ ನಿಂತು ಕೈ ಚಾಚುತ್ತಿದ್ದ, ಬಾಯಿ ತೆರೆಯುತ್ತಿರಲಿಲ್ಲ.

ಆ ಊರಿನಲ್ಲಿ ಮನುಷ್ಯರನ್ನು ಬಲಿ ಕೊಡುತ್ತಿದ್ದರು ಎಂಬುದನ್ನೂ ಮಕ್ಕಳು ಸ್ಕೂಲಿನಿಂದ ತಿಳಿದುಕೊಂಡು ಬಂದರು. ಮೇಷ್ಟ್ರು ಅದನ್ನು ಮುಚ್ಚಿಡಲಿಲ್ಲ. "ಕೊಡ್ತಿದ್ರು. ಕೆಟ್ಟ ಕೆಲಸ. ನಮ್ಮೂರು ಅಂದ್ಮೇಲೆ ಅದನ್ನೂ ನಮ್ಮೂರು ಅನ್ನಬೇಕು" ಅಂದರು. ಅದಕ್ಕಿಂತ ಹೆಚ್ಚು ಹೇಳಲಿಲ್ಲ, ಕಡಿಮೆಯೂ ಹೇಳಲಿಲ್ಲ.

ಇನ್ನು ಮಕ್ಕಳು ಬರೆದ ಒಂದು ಚಿತ್ರದ ವಿಷಯ. ಊರು ಹುಟ್ಟಿದ ಕಥೆಯನ್ನು ಮೇಷ್ಟ್ರು ಒಂದು ಭಾನುವಾರ ಹೇಳಿದರು. ನೆಲೆಯಿಲ್ಲದೆ ಅಲೆಯುತ್ತಿದ್ದ ಜನಕ್ಕೆ ಅವರ ದೇವರು ಒಂದು ಗುರುತು ಕೊಟ್ಟಿದ್ದ. ಆ ಗುರುತು ಕಂಡ ಕಡೆ ಊರು ಕಟ್ಟಿ ಅಂದಿದ್ದ. "ನಡೆದರು, ನಡೆದರು, ಒಂದು ಕೆರೆ ಬಂತು. ಕೆರೆ ನಡುವೆ ತಿಟ್ಟು. ತಿಟ್ಟಿನ ಮೇಲೆ ಕಳ್ಳಿ. ಕಳ್ಳಿ ಮೇಲೆ ಹದ್ದು ಕೂತಿತ್ತು. ಅದೇ ಗುರುತು." ಮಕ್ಕಳು ಕ್ರೇಯಾನ್ ತಗೊಂಡು ಚಿತ್ರ ಬರೆಯಲು ಕೂತರು.

ಹಿಂದಿನ ವಾರವಷ್ಟೇ ನಾನು ಬೋರ್ಡಿನ ಮೇಲೆ ಹುಡುಗ–ಹುಡುಗಿ, ಮುದುಕ–ಮುದುಕಿ, ಕಳ್ಳ–ಕಳ್ಳಿ ಬರೆಸಿದ್ದೆ.

ಸನಾಳ ಹಾಳೆಯಲ್ಲಿ ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಹೆಂಗಸೊಬ್ಬಳು ನೀರಿನ ನಡುವೆ ನಿಂತಿದ್ದಳು. ಹೆಗಲ ಮೇಲೆ ಮೂಟೆ. ತಲೆಯ ಮೇಲೆ, ಕೂದಲಿಗೆ ಉಗುರು ನೆಟ್ಟು, ಭಾರಿ ಹದ್ದು. ಪಕ್ಕದವರು ಅವಳದನ್ನೇ ನೋಡಿ ಬರೆದಿದ್ದರು. ಇಡೀ ಸಾಲಿನಲ್ಲಿ ಪಾಪಾಸುಕಳ್ಳಿ ಒಂದೂ ಇರಲಿಲ್ಲ. ಎಲ್ಲ ಹಾಳೆಯಲ್ಲೂ ಕಳ್ಳಿಯರೇ.

ನಾನು ತಿದ್ದಲು ಹೋದೆ. ಮೇಷ್ಟ್ರು ಕೈ ಅಡ್ಡ ಹಿಡಿದರು. ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಕೂತುಬಿಟ್ಟರು. ಕಣ್ಣು ಒರೆಸಿಕೊಂಡು ಸನಾಳನ್ನು ಗಂಭೀರವಾಗಿ ಕೇಳಿದರು: "ಈ ಕಳ್ಳಿ ಏನು ಕದ್ದಳು?"

ಸನಾ ಯೋಚಿಸಿದಳು. ಇಂಗ್ಲಿಷಿನಲ್ಲಿ ಬಾಯಿ ತೆರೆದಳು, ನೆಲ ನೋಡಿದಳು, ಬಾಯಿ ಮುಚ್ಚಿದಳು. ಆಮೇಲೆ "ಕೆರೆ ಕದ್ದಳು" ಅಂದಳು.

"ಕೆರೇನಾ? ಪೂರ್ತಿನಾ?"

"ಪೂರ್ತಿ. ಚೀಲದಲ್ಲಿ ಇದೆ."

"ಅದಕ್ಕೇ ಹದ್ದು ಹಿಡ್ಕೊಂಡಿದೆ ಅನ್ನು."

"ಹೂಂ. ಹದ್ದು ಪೊಲೀಸು."

ರಾಜ್ಯೋತ್ಸವದ ನಾಟಕ ಅಲ್ಲಿಯೇ ಹುಟ್ಟಿತು. ಮಾತುಗಳನ್ನು ಮೇಷ್ಟ್ರು ಬರೆಯಲಿಲ್ಲ. ಕೆರೆ ಕದ್ದವಳಿಗೆ ಏನು ಅಂತೀರ, ಹೇಳಿ ಎಂದು ಮಕ್ಕಳನ್ನೇ ಕೇಳುತ್ತಿದ್ದರು, ಅವರು ಅಂದದ್ದೇ ಮಾತು. ಮನೆಗೆ ಹೋಗುವಾಗ ನನಗೆ ಮಾತ್ರ ಕೇಳುವ ಹಾಗೆ ಅಂದರು: "ಅವಳು ಹೇಳಿದ್ದು ಸುಳ್ಳಲ್ಲ ಕಣಮ್ಮ. ಹಡಗಿನಲ್ಲಿ ಬಂದೋರು ಊರು ಕೆಡವಿದರು. ಆಮೇಲೆ ನೂರಾರು ವರ್ಷ ಹಿಡಿದು ಆ ಕೆರೇನೂ ಬಸಿದುಬಿಟ್ರು. ಕೆರೆ ಕದಿಯೋರು ಇರ್ತಾರೆ."

ಅಧ್ಯಕ್ಷರು ರಿಹರ್ಸಲ್ ನೋಡಲು ಬಂದರು. ಮಕ್ಕಳಲ್ಲಿ ಅರ್ಧ ಜನ ಕಾರ್ಪೆಟ್ ಮೇಲೆ ಮುಳುಗಿದ್ದರು.

"ಮೇಷ್ಟ್ರೇ, ರಾಜ್ಯೋತ್ಸವಕ್ಕೆ ಮೆಕ್ಸಿಕೋನಾ? ಹಂಪೆ ಮಾಡಿಸಬಹುದಿತ್ತಲ್ಲ. ಜನ ಏನಂತಾರೆ?"

"ಏನಾದ್ರೂ ಅನ್ನಲಿ. ಮಕ್ಕಳು ಕನ್ನಡದಲ್ಲಿ ಅಂದ್ರೆ ಸಾಕು."

"ರೋಹನ್‌ಗೆ ಏನು ಪಾರ್ಟು?"

"ಹದ್ದು. ಮಾತಿಲ್ಲ."

ಅಧ್ಯಕ್ಷರು ನಿಟ್ಟುಸಿರು ಬಿಟ್ಟರು. ಮಗನಿಗೆ ಮಾತಿಲ್ಲದ ಪಾರ್ಟು ಕೊಟ್ಟರೆಂದು ಅವರಿಗೆ ಸಮಾಧಾನವಾಯಿತೋ ಬೇಜಾರಾಯಿತೋ ನನಗೆ ತಿಳಿಯಲಿಲ್ಲ.

ರಾಜ್ಯೋತ್ಸವ ನಡೆದದ್ದು ಒಂದು ಸ್ಕೂಲಿನ ಕ್ಯಾಫಿಟೇರಿಯಾದಲ್ಲಿ. ಬಿಸಿಬೇಳೆಬಾತಿನ ವಾಸನೆ ಸ್ಟೇಜಿನವರೆಗೂ ಬರುತ್ತಿತ್ತು, ಜನಕ್ಕೆ ಹಸಿವಾಗಿತ್ತು. ಮೇಷ್ಟ್ರು ಪರದೆಯ ಪಕ್ಕ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಆ ಬೆರಳುಗಳು ಒಂದನ್ನೊಂದು ಹಿಂಡುವುದು ಹಿಂದೆ ನಿಂತ ನನಗೆ ಮಾತ್ರ ಕಾಣುತ್ತಿತ್ತು.

ಅಲೆಯುವ ಜನ ಬಂದರು. ಕುರ್ಚಿಯ ಏರಿ ಹತ್ತಿದರು. ಒಬ್ಬ ಬಿದ್ದ, ಕನ್ನಡದಲ್ಲಿ ಕರೆದು ಎತ್ತಿದರು. ಸನಾ ಮೇಜಿನ ಮುಂದೆ ಮೂಟೆ ಹೊತ್ತು ಕೂತಿದ್ದಳು. ರೋಹನ್ ಮೇಜಿನ ಮೇಲೆ ಮಂಡಿಯೂರಿ ಅವಳ ತಲೆಯ ಮೇಲೆ ಎರಡೂ ಕೈ ಇಟ್ಟಿದ್ದ, ಬೆನ್ನಿಗೆ ರಟ್ಟಿನ ರೆಕ್ಕೆ. "ಕೆರೆ ಎಲ್ಲಿ?" ಅಂತ ಜನ ಕೇಳಿದರು. ಸನಾ ಉತ್ತರ ಹೇಳಬೇಕಿತ್ತು. ಹೇಳಲಿಲ್ಲ. ಎದುರಿಗೆ ಅಷ್ಟು ಜನರನ್ನು ನೋಡಿ ಮರೆತುಬಿಟ್ಟಳು. ಮತ್ತೆ ಕೇಳಿದರು. ಮುಂದಿನ ಸಾಲಿನಲ್ಲಿ ಅಧ್ಯಕ್ಷರು ಕೈಗಡಿಯಾರ ನೋಡಿದರು. ಮೇಷ್ಟ್ರು ಪರದೆಯ ಹಿಂದಿನಿಂದ ಹೇಳಿಕೊಡಬಹುದಿತ್ತು. ಬಾಯಿ ಬಿಗಿಹಿಡಿದು ನಿಂತರು.

ಆಗ ಹದ್ದು ಬಗ್ಗಿ ನೋಡಿತು. "ಏಯ್, ಕೆರೆ ಕೊಡೇ" ಅಂದಿತು.

ಸನಾ ತಲೆಯೆತ್ತಿ, "ಕೊಡಲ್ಲ ಹೋಗೋ" ಅಂದಳು.

"ಕೊಡೇ."

"ಕೊಡಲ್ಲ. ನಂದು."

"ನಿಂದಲ್ಲ, ಊರಿಂದು. ನಿಮ್ಮ ಅಮ್ಮಿಗೆ ಹೇಳ್ತೀನಿ."

"ಹೇಳು. ನಮ್ಮ ಅಮ್ಮಿ ಅಲ್ಲೇ ಇದೆ. ನಿಂಗೇ ಬೈತಾಳೆ."

"ನಾಚಿಕೆ ಆಗಲ್ವಾ? ಬೆಳಗ್ಗೆ ಎದ್ದು ಬರೀ ಟಿವಿ, ಟಿವಿ. ಮನೆ ಕೆಲಸ ಯಾರು ಮಾಡ್ತಾರೆ, ನಿಮ್ಮಪ್ಪನಾ?"

ಇದು ನಾಟಕದಲ್ಲಿ ಇಲ್ಲದ ಮಾತು. ಕೆರೆಗೂ ಟಿವಿಗೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ. ಜನ ಬೆಂಚು ತಟ್ಟಿ ನಗುತ್ತಿದ್ದರು. ಅಧ್ಯಕ್ಷರು ಎದ್ದುನಿಂತಿದ್ದರು. "ಇವನಿಗೆ ಇಷ್ಟು ಕನ್ನಡ ಎಲ್ಲಿಂದ ಬಂತು?" ಎಂದು ಹೆಂಡತಿಯನ್ನು ಕೇಳಿದ್ದು ಎಲ್ಲರಿಗೂ ಕೇಳಿಸಿತು.

"ನಾನು ನಿಮಗೆ ಬೈಯೋದು ಕೇಳಿಸ್ಕೊಂಡು" ಅಂದರು ಅವರು.

ಜಗಳ ನಿಲ್ಲದ್ದರಿಂದ ಉಳಿದ ಮಕ್ಕಳೇ ಮೂಟೆ ಕಸಿದು, ಒಳಗಿದ್ದ ನೀಲಿ ಸೀರೆಯನ್ನು ಸ್ಟೇಜಿನ ಮೇಲೆಲ್ಲ ಹರಡಿದರು. ಅದು ಅಕ್ಕನ ಸೀರೆ. ಕೆರೆ ವಾಪಸು ಬಂತು. ಊಟದ ಸಾಲಿನಲ್ಲಿ ನಿಂತಾಗ ಅಧ್ಯಕ್ಷರು ಬಂದು ಮೇಷ್ಟ್ರ ತಟ್ಟೆಗೆ ತಾವೇ ಹಪ್ಪಳ ಹಾಕಿದರು. "ಡಾನ್ಸಿನವರಿಗೆ ಶನಿವಾರ ನೋಡ್ಕೊಳ್ಳಿ ಅಂತ ಹೇಳ್ತೀನಿ" ಅಂದರು.

ಮೇಷ್ಟ್ರು ಆಮೇಲೆ ಎರಡು ವರ್ಷ ನಮ್ಮ ಜೊತೆ ಇದ್ದರು. ಕೆಲಸ ಅಟ್ಲಾಂಟಾ ಕಡೆಗೆ, ಅಲ್ಫರೆಟಾಗೆ ಕರೆದಾಗ ಹೊರಟರು. ಕ್ಲಾಸು ನನಗೆ ಬಂತು. "ಕಾಗುಣಿತ ನಿಮ್ದೇ ಇತ್ತು, ಈಗ ಊರೂ ನಿಮ್ದೇ" ಅಂದರು. ಭಾನುವಾರ ಸಂಜೆ ತಪ್ಪದೆ ಫೋನ್ ಮಾಡಿ, ಇವತ್ತು ಎಷ್ಟು ಜನ ಮುಳುಗಿದರು ಎಂದು ಕೇಳುತ್ತಿದ್ದರು. ಕಳೆದ ತಿಂಗಳು ಫೋನ್ ಮಾಡಿದ್ದು ಅಕ್ಕನ ಪಕ್ಕದ ಮನೆಯವರು. ಆಫೀಸಿನಲ್ಲಿ, ನಕ್ಷೆ ಬರೆಯುವ ಮೇಜಿನ ಮುಂದೆಯೇ ಮೇಷ್ಟ್ರ ಹೃದಯ ನಿಂತಿತ್ತು.

ನಾವು ಕಾರಿನಲ್ಲಿ ಹೋದೆವು. ಎರಡೂ ಕ್ಯಾರೊಲೈನಾ ರಾಜ್ಯಗಳನ್ನು ದಾಟುವಷ್ಟು ಹೊತ್ತೂ ಸನಾ ಕಿಟಕಿಗೆ ಮುಖ ಮಾಡಿ ಕೂತಿದ್ದಳು. ಈಗ ಅವಳು ದೊಡ್ಡ ಹುಡುಗಿ. ಕ್ಲಾಸಿಗೆ ಬರುವುದು ನಿಲ್ಲಿಸಿದ್ದಾಳೆ. ನಾನು ಉರ್ದುವಿನಲ್ಲಿ ಕೇಳಲಿ, ಕನ್ನಡದಲ್ಲಿ ಕೇಳಲಿ, ಉತ್ತರ ಇಂಗ್ಲಿಷಿನಲ್ಲೇ. ಮೇಷ್ಟ್ರು ಅಷ್ಟು ವರ್ಷ ಕುರ್ಚಿ ಜೋಡಿಸಿದ್ದು ಇಷ್ಟಕ್ಕೇನಾ ಅನ್ನಿಸಿ ದಾರಿಯಲ್ಲಿ ನನಗೆ ಅಳು ಬಂತು. ಬೇರೆ ದುಃಖದ ಜೊತೆಗೆ ಇದೂ ಸೇರಿಕೊಂಡಿತ್ತು.

ಅಲ್ಫರೆಟಾದ ಮನೆಯಲ್ಲಿ ಜನ ತುಂಬಿದ್ದರು. ಅಕ್ಕ ಊಟದ ಮೇಜಿನ ಹತ್ತಿರ ಸುಮ್ಮನೆ ಕೂತಿದ್ದರು. ಹೆಂಗಸರು ಬಂದು ಕೈ ಹಿಡಿದು ಸಮಾಧಾನ ಹೇಳುತ್ತಿದ್ದರು. ಅಕ್ಕ ತಲೆಯಾಡಿಸುತ್ತಿದ್ದರು. ಮೂರು ದಿನದಿಂದ ಸರಿಯಾಗಿ ಏನೂ ತಿಂದಿಲ್ಲ ಎಂದು ಪಕ್ಕದ ಮನೆಯವರು ನನ್ನ ಕಿವಿಯಲ್ಲಿ ಹೇಳಿದರು. ನಾನು ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತೆ.

ಸನಾ ನನ್ನನ್ನು ದಾಟಿಕೊಂಡು ಒಳಗೆ ಹೋದಳು. ಅಕ್ಕನ ಪಕ್ಕದ ಕುರ್ಚಿ ಎಳೆದು ಕೂತಳು. ಆಮೇಲೆ, ಒಂದೊಂದು ಪದವನ್ನೂ ನೆಲ ಮುಟ್ಟಿ ನೋಡಿ ಕಾಲಿಡುವ ಹಾಗೆ, ಕನ್ನಡದಲ್ಲಿ ಕೇಳಿದಳು:

"ಆಂಟಿ, ನೀವು ಊಟ ಮಾಡಿದ್ಯಾ?"

ಅಕ್ಕ ತಿರುಗಿ ನೋಡಿದರು. ಅಳುತ್ತಾರೆ ಅಂದುಕೊಂಡೆ.

"ಇಲ್ಲ ಕಣೇ" ಅಂದರು. "ನೀನು ಮಾಡಿದ್ರಾ?"

ಸನಾಗೆ ಒಂದು ಕ್ಷಣ ಬೇಕಾಯಿತು. ಆಮೇಲೆ ಅವಳಿಗೆ ನಗು ಬಂತು, ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ. ಅಕ್ಕನಿಗೂ ಆಗಲಿಲ್ಲ. ಸಾವಿನ ಮನೆಯಲ್ಲಿ ಇಬ್ಬರೂ ಒಬ್ಬರ ಭುಜಕ್ಕೆ ಒಬ್ಬರು ಹಣೆ ಇಟ್ಟು ನಗುವುದನ್ನು ಜನ ನಿಂತು ನೋಡಿದರು. ನಾನು ಅಡುಗೆಮನೆಗೆ ಹೋಗಿ ಎರಡು ತಟ್ಟೆಗೆ ಅನ್ನ ಬಡಿಸಿದೆ.